ಮೇವಿನ ಜಾಗದಲ್ಲಿ ಮಲಗಿದವನು

ಡಿಸೆಂಬರ್ ಬಂತೆಂದರೆ ನಮ್ಮ ಚರ್ಚಿನ ಹುಡುಗರಿಗೆ ಗೋದಲಿಯದೇ, ಯೇಸು ಹುಟ್ಟಿದ ಹಟ್ಟಿಯ ಮಾದರಿಯದೇ ಧ್ಯಾನ. ಥರ್ಮೋಕೋಲಿನ ಗುಡ್ಡ, ಮರದ ಪುಡಿಯ ದಾರಿ, ಮಿಣಮಿಣ ಲೈಟು, ಪಂಪು ಹಾಕಿ ಹರಿಸಿದ ಝರಿ. ಆಮೇಲೆ ಸ್ಪರ್ಧೆ, ಬಹುಮಾನ. ಗೋದಲಿ ಎಂದರೆ ಅಲಂಕಾರ ಅಂತಲೇ ಮಕ್ಕಳು ತಿಳಿದಿದ್ದಾರೆ.

ನಾನು ಕಂಡ ಮೊದಲ ಗೋದಲಿ ಅಜ್ಜಿಮನೆಯ ಹಟ್ಟಿಯದು, ದನಗಳಿಗೆ ಮೇವು ಹಾಕುವ ತೊಟ್ಟಿ. ಕಲ್ಲಿನದು. ದನ ನೆಕ್ಕಿ ನೆಕ್ಕಿ ಅಂಚು ನುಣ್ಣಗಾಗಿ, ಸದಾ ಜೊಲ್ಲಿನಿಂದ ಒದ್ದೆ. ತಳದಲ್ಲಿ ನಿನ್ನೆಯ ಹುಲ್ಲುಕಡ್ಡಿ, ಹುಳಿಯಾದ ತೌಡಿನ ವಾಸನೆ. ಬೈಬಲಿನಲ್ಲಿ ಯೇಸುವಿನ ಕಥೆ ಹೇಳುವ ಸಂತ ಲೂಕರ ಶುಭಸಂದೇಶದ ಎರಡನೇ ಅಧ್ಯಾಯ ಓದುವಾಗಲೆಲ್ಲ ಆ ವಾಸನೆಯೇ ಮೂಗಿಗೆ ಬಡಿಯುತ್ತದೆ. ಛತ್ರದಲ್ಲಿ ಜಾಗ ಸಿಗದೆ ಯೇಸುವಿನ ತಾಯಿ ಮರಿಯಮ್ಮ ಚೊಚ್ಚಲ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಮಲಗಿಸಿದ್ದು ಇಂಥದ್ದರಲ್ಲೇ.

ದೇವರು ಬಡವನಾಗಿ ಹುಟ್ಟಿದ ಎಂದು ಪ್ರತಿವರ್ಷ ಪ್ರಬೋಧನೆಯಲ್ಲಿ ಕೇಳುತ್ತೇವೆ. ಸರಿಯೇ. ಆದರೆ ಬಡತನ ತೋರಿಸುವುದಷ್ಟೇ ಆಗಿದ್ದರೆ ಒಂದು ಹರಕು ಚಾಪೆ ಸಾಕಿತ್ತು. ಲೂಕರು ಗೋದಲಿಯ ಮಾತನ್ನು ಆ ಒಂದೇ ಅಧ್ಯಾಯದಲ್ಲಿ ಮೂರು ಸಲ ಎತ್ತುತ್ತಾರೆ. ಕುರುಬರಿಗೆ ದೇವದೂತ ಕೊಟ್ಟ ಗುರುತೂ ಅದೇ. ಗೋದಲಿಗೆ ಹಾಕುವುದು ಏನನ್ನು? ಮೇವನ್ನು. ಆ ಮಗು ಹುಟ್ಟಿದ ಊರು ಬೆತ್ಲೆಹೇಮ್ ಎಂಬ ಹೀಬ್ರೂ ಹೆಸರಿಗೂ ರೊಟ್ಟಿಯ ಮನೆ ಎಂದೇ ಅರ್ಥ. ಅಲ್ಲಿ ಮಲಗಿದ್ದ ಮಗು ದೊಡ್ಡವನಾಗಿ, ಕಡೆಯ ರಾತ್ರಿ ರೊಟ್ಟಿ ಮುರಿದು, ತಿನ್ನಿರಿ, ಇದು ನನ್ನ ದೇಹ ಎಂದ.

ಅಂದಹಾಗೆ, ಗೋದಲಿಯಲ್ಲಿ ನಾವು ಇಡುವ ಎತ್ತು ಕತ್ತೆಗಳು ಲೂಕರಲ್ಲಿ ಇಲ್ಲ. ಅವು ನಡೆದು ಬಂದದ್ದು ಹಳೆಯ ಒಡಂಬಡಿಕೆಯ ಪ್ರವಾದಿ ಯೆಶಾಯನ ಗ್ರಂಥದ ಮೊದಲ ಅಧ್ಯಾಯದಿಂದ: ಎತ್ತಿಗೆ ಯಜಮಾನ ಗೊತ್ತು, ಕತ್ತೆಗೆ ಒಡೆಯನ ಗೋದಲಿ ಗೊತ್ತು, ನನ್ನ ಜನಕ್ಕೆ ಮಾತ್ರ ಗೊತ್ತಿಲ್ಲ ಎಂಬ ದೇವರ ದೂರು ಅದು. ಪ್ರತಿವರ್ಷ ಅವುಗಳ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವವರಲ್ಲಿ ನಾನೂ ಒಬ್ಬ.

1223ರ ಕ್ರಿಸ್ಮಸ್ ರಾತ್ರಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಹುಲ್ಲು ತುಂಬಿದ ಗೋದಲಿ ಇಡಿಸಿ, ನಿಜವಾದ ಎತ್ತು ಕತ್ತೆ ತರಿಸಿದರು. ಬಲಿಪೂಜೆ, ಅಂದರೆ ರೊಟ್ಟಿಯನ್ನು ಕ್ರಿಸ್ತನ ದೇಹವಾಗಿ ಅರ್ಪಿಸುವ ಆರಾಧನೆ, ನಡೆದದ್ದು ಆ ಗೋದಲಿಯ ಮೇಲೆಯೇ. ಅವರ ಚರಿತ್ರೆ ಬರೆದ ಚೆಲಾನೊದ ತೋಮಸ್ ಅಲ್ಲಿ ಬೊಂಬೆ ಇಟ್ಟರು ಎಂದು ಹೇಳುವುದಿಲ್ಲ. ಬೊಂಬೆ ಯಾಕೆ, ರೊಟ್ಟಿ ಇತ್ತಲ್ಲ.

ನಮ್ಮಲ್ಲಿ 24ರ ನಡುರಾತ್ರಿಯವರೆಗೆ ಗೋದಲಿ ಖಾಲಿ. ಗ್ಲೋರಿಯಾ ಎಂಬ ಸ್ತುತಿಗೀತೆ ಶುರುವಾದಾಗ ಬಾಲಯೇಸುವನ್ನು ತಂದಿಡುತ್ತಾರೆ, ಗಂಟೆ ಬಾರಿಸುತ್ತದೆ, ಮೊಬೈಲುಗಳೆಲ್ಲ ಮೇಲೇಳುತ್ತವೆ. ಪರಮಪ್ರಸಾದದ, ಅಂದರೆ ಪೂಜೆಯ ಆ ರೊಟ್ಟಿ ಪಡೆಯುವ, ಸಾಲಿನಲ್ಲಿ ಅವೆಲ್ಲ ಮತ್ತೆ ಜೇಬು ಸೇರಿರುತ್ತವೆ. ನನ್ನ ಸರದಿ ಬಂದಾಗ ಬಲಗೈ ಮೇಲೆ ಎಡಗೈ ಇಟ್ಟು ಚಾಚುತ್ತೇನೆ. ಅಂಗೈಯಲ್ಲಿ ಸಣ್ಣದೊಂದು ಗುಳಿ ಬೀಳುತ್ತದೆ, ಥೇಟ್ ಅಜ್ಜಿಯ ಹಟ್ಟಿಯ ಗೋದಲಿಯ ಹಾಗೆ.