ಏಳನೆಯ ಕ್ಲಸ್ಟರ್ ಬೀಳುವುದೇಕೆ?

ನಮ್ಮ ಹಾಲು ಕರೆಯುವ ಯಂತ್ರದಲ್ಲಿ ಏಳನೆಯ ಕ್ಲಸ್ಟರ್ (ಹಸುವಿನ ಕೆಚ್ಚಲಿಗೆ ತೊಡಿಸುವ ನಾಲ್ಕು ಬಟ್ಟಲುಗಳ ಗೊಂಚಲು) ಹಾಕಿದೊಡನೆ ನಿರ್ವಾತ ಕದಿಯುತ್ತಿದ್ದ ಕಳ್ಳ ಕೊನೆಗೂ ಸಿಕ್ಕಿದ. ಆರು ಶನಿವಾರ, ನಾಲ್ಕು ಟ್ಯೂಬ್ ಸೀಲಂಟ್ ಮತ್ತು ಗೆಳೆಯನ ಬಳಿ ನನಗಿದ್ದ ಅಷ್ಟಿಷ್ಟು ಮರ್ಯಾದೆ ಖರ್ಚಾದ ಮೇಲೆ.

ಹೊಸಬರಿಗೆ ಎರಡು ಮಾತು. ಫಾರ್ಮ್ ಇರುವುದು ಹರಾರೆಯ ಪೂರ್ವಕ್ಕಿರುವ ಮರೊಂಡೇರಾದ ಹೊರವಲಯದಲ್ಲಿ. ಗುತ್ತಿಗೆ ಗೆಳೆಯನದು, ಸ್ಪ್ಯಾನರ್ ನನ್ನದು. 1990ರ ಸುಮಾರಿಗೆ ಜಿಂಬಾಬ್ವೆಯಲ್ಲಿ ವರ್ಷಕ್ಕೆ 25 ಕೋಟಿ ಲೀಟರ್‌ಗೂ ಮೀರಿ ಹಾಲು ಸಿಗುತ್ತಿತ್ತು. 2000ದಿಂದ ಈಚೆಗೆ ಜಮೀನು ಕೈ ಬದಲಾಯಿತು, ದುಡ್ಡಿಗೆ ಬೆಲೆ ಇಲ್ಲವಾಯಿತು. 2009ರ ಹೊತ್ತಿಗೆ ಹಾಲು 4 ಕೋಟಿ ಲೀಟರ್‌ನ ಆಸುಪಾಸಿಗೆ ಕುಸಿದಿತ್ತು. ಹಾಲು ಕರೆಯುವ ನಮ್ಮ ಪಾರ್ಲರಿನ ಮೋಟಾರು, ಪಂಪು, ತಾಮ್ರದ ತಂತಿ ಕಾಣೆಯಾದದ್ದೂ ಆ ವರ್ಷಗಳಲ್ಲೇ. ಎರಡು ಸಾಲಿನಲ್ಲಿ ಓರೆಯಾಗಿ ಹದಿನಾರು ಹಸು ನಿಲ್ಲುವ, ಎಂಟು ಕ್ಲಸ್ಟರ್‌ಗಳ ಹೆರಿಂಗ್‌ಬೋನ್ ಚೌಕಟ್ಟು ಮಾತ್ರ ಉಳಿದಿತ್ತು. ಅದನ್ನು ಎಬ್ಬಿಸಿ ನಿಲ್ಲಿಸಿದ ಕಥೆ ಬೇಡ; ತುಕ್ಕು ಎಲ್ಲಾ ಕಡೆ ಒಂದೇ.

ತಂಟೆ ಇದು. ಆರು ಕ್ಲಸ್ಟರ್ ಹಾಕುವವರೆಗೆ ನಿರ್ವಾತ ಅಳೆಯುವ ಗೇಜಿನ ಮುಳ್ಳು 45 ಕಿಲೋಪಾಸ್ಕಲ್‌ನಲ್ಲಿ ಗೂಟ ಹೊಡೆದಂತೆ ನಿಲ್ಲುತ್ತಿತ್ತು. ಏಳನೆಯದಕ್ಕೆ 41. ಎಂಟನೆಯದಕ್ಕೆ 36. ಅಷ್ಟರಲ್ಲಿ ಯಾವುದೋ ಹಸುವಿನ ಮೊಲೆಯಿಂದ ಲೈನರ್ (ಬಟ್ಟಲಿನೊಳಗಿನ ರಬ್ಬರ್ ಕೊಳವೆ) ಜಾರಿ ಕೀಚೆಂದು ಗಾಳಿ ಎಳೆದುಕೊಳ್ಳುತ್ತಿತ್ತು. ಉಳಿದಿದ್ದ ನಿರ್ವಾತವೂ ಹೋಗಿ ಕ್ಲಸ್ಟರ್‌ಗಳು ಒಂದರ ಹಿಂದೊಂದು ಸಗಣಿಗೆ ಉದುರುತ್ತಿದ್ದವು.

ಮೊದಲು ಬೈದದ್ದು ಲೈನರ್ ಕೊಟ್ಟವನನ್ನು. ‘ಸರಿಸುಮಾರು ಹೊಂದುತ್ತದೆ’ ಎಂದಿದ್ದ. ಕಟ್ಟಿಸಿದ ಹಲ್ಲಿನ ಸೆಟ್ಟೂ ಸರಿಸುಮಾರು ಹೊಂದಿದರೆ ಊಟ ಮಾಡಿದಂತೆಯೇ. ಬೇರೆ ಸೆಟ್ಟು ತರಿಸಿದೆವು, ಬೀಳುವುದು ನಿಲ್ಲಲಿಲ್ಲ. ಕೀಲುಕೀಲಿಗೂ ಸೋಪಿನ ನೀರು ಬಳಿದೆವು. ಲೈನರ್‌ಗಳನ್ನು ಮಿಡಿಸುವ ಪಲ್ಸೇಟರ್‌ಗಳು ನಿಮಿಷಕ್ಕೆ 60 ಬಡಿತ, ತಪ್ಪಿಲ್ಲ. ರೆಗ್ಯುಲೇಟರ್ (ನಿರ್ವಾತ ಮಿತಿಮೀರದಂತೆ ಹೊರಗಿನ ಗಾಳಿ ಒಳಬಿಡುವ ಕವಾಟ) ಬಿಚ್ಚಿದರೆ ಒಳಗೆ ಕಣಜದ ಗೂಡು. ‘ಸಿಕ್ಕಿತು!’ ಎಂದು ಕುಣಿದು, ತೊಳೆದು ಕೂರಿಸಿದ್ದಾಯಿತು. ಮತ್ತೆ 36.

ದಾರಿ ತಪ್ಪಿಸಿದ್ದು ನನ್ನದೇ ಪರೀಕ್ಷೆ. ಪಂಪಿನ ಬಾಯಿ ಮುಚ್ಚಿ ಓಡಿಸಿದಾಗ ಅದು 60ನ್ನೂ ಎಳೆದು ತೋರಿಸಿತು. ಪಂಪು ಗಟ್ಟಿ ಎಂದು ಷರಾ ಬರೆದೆ. ಎಷ್ಟು ಆಳಕ್ಕೆ ಎಳೆಯುತ್ತದೆ ಎಂಬುದಕ್ಕೂ ನಿಮಿಷಕ್ಕೆ ಎಷ್ಟು ಗಾಳಿ ಸಾಗಿಸುತ್ತದೆ ಎಂಬುದಕ್ಕೂ ಸಂಬಂಧವಿಲ್ಲ ಎನ್ನುವುದನ್ನು ನಾನೇ ಇನ್ನೊಬ್ಬರಿಗೆ ಪಾಠ ಮಾಡಿದ್ದೇನೆ! ಎಂಟೂ ಕ್ಲಸ್ಟರ್ ಹಾಕಿದಾಗ ರೆಗ್ಯುಲೇಟರಿನ ಸುಯ್ ಸದ್ದು ನಿಂತಿತ್ತು. ಪಂಪಿನಲ್ಲಿ ಮಿಗತೆ ಗಾಳಿಯಿಲ್ಲ ಎಂದು ಅದು ಬಾಯಿಬಿಟ್ಟು ಹೇಳುತ್ತಲೇ ಇತ್ತು.

ಕಳೆದ ಶನಿವಾರ ಪಂಪ್ ರೂಮಿನಲ್ಲಿ ಚಹಾ ಕಾಯಿಸುವಾಗ ಗೆಳೆಯ ಗೊಣಗಿದ: ನೀರು ಬೇಗ ಕುದಿಯುತ್ತದೆ, ಸೊಪ್ಪು ಮಾತ್ರ ಬಣ್ಣ ಬಿಡುವುದಿಲ್ಲ. ಬಿಡುವುದಾದರೂ ಹೇಗೆ? ಮರೊಂಡೇರಾ ಇರುವುದು 1,600 ಮೀಟರ್‌ಗೂ ಮೇಲೆ, ನಮ್ಮ ಮಡಿಕೇರಿಗಿಂತಲೂ ಎತ್ತರದಲ್ಲಿ. ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಇಲ್ಲಿ ನೀರು 95 ಡಿಗ್ರಿ ಮುಟ್ಟುವ ಮೊದಲೇ ಕುದಿಯುತ್ತದೆ. ಲೋಟ ಅಲ್ಲೇ ಬಿಟ್ಟು ಪೆನ್ಸಿಲ್ ಹುಡುಕಿದೆ.

ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 101 ಕಿಲೋಪಾಸ್ಕಲ್. ಅದರಲ್ಲಿ 45 ಕಳೆದರೆ ಪೈಪಿನೊಳಗೆ ಉಳಿಯುವುದು 56. ಇಲ್ಲಿ ಒತ್ತಡವೇ ಸುಮಾರು 83, ಉಳಿಯುವುದು 38. ಪಂಪು ಪ್ರತಿ ಸುತ್ತಿಗೂ ಅಷ್ಟೇ ಗಾತ್ರ ನುಂಗಿದರೂ ಆ ಗಾಳಿ ತೆಳು. ಹೊರಗಿನ ಗಾಳಿಗೆ ಹೋಲಿಸಿದರೆ 101ಕ್ಕೆ 56 ಅಂದರೆ 0.55, 83ಕ್ಕೆ 38 ಅಂದರೆ 0.46. ಶೇಕಡಾ 17 ಖೋತಾ. ಎಂಟು ಕ್ಲಸ್ಟರ್‌ಗಳ ಪಂಪು ಇಲ್ಲಿ ಆರೂವರೆಯ ಪಂಪು!

ಈ ಪಂಪು ಬಂದದ್ದು ಡರ್ಬನ್ ಬಳಿ ಕಡಲ ದಂಡೆಯ ಫಾರ್ಮೊಂದರಿಂದ. ‘ಎಂಟು ಕ್ಲಸ್ಟರ್ ಆರಾಮಾಗಿ ಎಳೆಯುತ್ತಿತ್ತು’ ಎಂದು ಮಾರಿದವನು ಆಣೆಯಿಟ್ಟಿದ್ದ. ಗಡಿಯಲ್ಲಿ ಹತ್ತು ದಿನ ಕೊಳೆಸಿದ, ಬೆಲ್ಟಿನ ದುಡ್ಡು ಬೇರೆ ಕಿತ್ತ, ಆದರೆ ಈ ಒಂದು ವಿಷಯದಲ್ಲಿ ಆ ಪುಣ್ಯಾತ್ಮ ಸುಳ್ಳು ಹೇಳಿರಲಿಲ್ಲ. ಅದೇ ನನಗೆ ಹೆಚ್ಚು ಸಿಟ್ಟು.

ಸದ್ಯಕ್ಕೆ ಆರೇ ಕ್ಲಸ್ಟರ್. ಪುಲ್ಲಿ ಬದಲಿಸಿ ವೇಗ ಏರಿಸಬಹುದಿತ್ತು, ಆದರೆ ಕೈ ಇಟ್ಟರೆ ಸುಡುವಷ್ಟು ಈಗಾಗಲೇ ಕಾಯುತ್ತಿರುವ ಮೋಟಾರಿಗೆ ಇನ್ನಷ್ಟು ಹೊರೆ ಬೇಡ. ಅದಿರಲಿ, ಮುಂದಿನ ಕೆಲಸ ಹೊಳೆದಿದೆ: ಐಸ್ ಬ್ಯಾಂಕ್. 2024ರ ಬರದಲ್ಲಿ ಕರೀಬಾ ಜಲಾಶಯ ಬತ್ತಿದಾಗಿನ ಕರೆಂಟ್ ಕಡಿತ ನೋಡಿದವರಿಗೆ ಕಾರಣ ಹೇಳಬೇಕಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಸೋಲಾರ್‌ನಿಂದ ಮಂಜುಗಡ್ಡೆ ಕಟ್ಟಿಸುವುದು, ಸಂಜೆ ಅದರಿಂದ ಹಾಲು ತಣಿಸುವುದು. ಬಾವಿ ನೀರಿನಿಂದಲೇ ಹಾಲನ್ನು 20 ಡಿಗ್ರಿಗೆ ಇಳಿಸಿಕೊಂಡರೆ, ಕಾಗದದ ಲೆಕ್ಕದಲ್ಲಿ ಒಂದು ಕಿಲೋ ಮಂಜುಗಡ್ಡೆಗೆ ಐದು ಲೀಟರ್ ಹಾಲು 4 ಡಿಗ್ರಿಗೆ ಬರುತ್ತದೆ. ಹಳೆಯ ಫ್ರೀಜರ್ ಕಾಯಿಲ್ ಯಾರ ಬಳಿಯಾದರೂ ಇದ್ದರೆ ತಿಳಿಸಿ.

ಲೆಕ್ಕ ಮುಗಿಸಿ ಲೋಟ ಎತ್ತಿಕೊಳ್ಳಲು ಹೋದಾಗ ಕಣ್ಣಿಗೆ ಬಿದ್ದದ್ದು ಕೆಟಲ್ ಇಟ್ಟಿದ್ದ ಸಿಮೆಂಟ್ ಕಟ್ಟೆ. ಪಂಪಿನ ಪಕ್ಕದಲ್ಲೇ ಇದೆ. ನಾಲ್ಕು ಮೂಲೆಗೆ ನಾಲ್ಕು ಬೋಲ್ಟು, ನಡುವೆ ಎಣ್ಣೆ ಕಲೆ. ಮೇಲಿನ ಪೈಪಿನಲ್ಲಿ ಬಣ್ಣ ಬಳಿದು ಮುಚ್ಚಿದ ಫ್ಲ್ಯಾಂಜ್ (ಇನ್ನೊಂದು ಪೈಪು ಜೋಡಿಸುವ ಬಳೆ), ಬಳಿದವನು ನಾನೇ. ಹಿಂದಿನವರಿಗೆ ಈ ಲೆಕ್ಕ ಗೊತ್ತಿತ್ತು.

ಆಗಿನ ಕಾಲದಿಂದಲೂ ಇಲ್ಲೇ ಹಾಲು ಕರೆಯುತ್ತಿರುವ ಸೆಕುರುವನ್ನು ಕೇಳಿದೆ (ಇಲ್ಲಿ ಹಿರಿಯರನ್ನು ಹಾಗೆ ಕರೆಯುತ್ತಾರೆ). ‘ಹೌದು, ಎರಡು ಪಂಪು ಇದ್ದವು’ ಎಂದರು. ‘ನೀವು ಅಲ್ಲಿ ಚಹಾ ಕಾಯಿಸುವುದನ್ನು ನೋಡಿ, ಈಗಿನ ಪಂಪಿಗೆ ಜೊತೆ ಬೇಡವೇನೋ ಅಂದುಕೊಂಡೆ.’

ಎರಡನೆಯ ಪಂಪಿಗೆ ಅದೇ ಪುಣ್ಯಾತ್ಮನಿಗೆ ಮುಂಗಡ ಕಳಿಸಿದ್ದೇನೆ. ಕೆಟಲ್‌ಗೆ ಬೇರೆ ಜಾಗ ನೋಡಬೇಕು.