ಎಲಿಜಬೆತ್ ಕೊಟ್ಟ ಕುಡುಗೋಲು

ನವೆಂಬರ್ 17, 2024, ಭಾನುವಾರ

ಇವತ್ತು ಹಂಗೇರಿಯ ಸಂತ ಎಲಿಜಬೆತ್ ಹಬ್ಬ. ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದು, ಇಂಗ್ಲೆಂಡಿನ ಚಿತ್ರಕಾರ ಫಿಲಿಪ್ ಕಾಲ್ಡೆರಾನ್ 1891ರಲ್ಲಿ ಬರೆದ ಆಕೆಯ ಚಿತ್ರ ನೋಡುತ್ತಾ ಕೂತೆ. ಮೂಲ ಚಿತ್ರ ಲಂಡನ್ನಿನ ಟೇಟ್ ಕಲಾ ಸಂಗ್ರಹದಲ್ಲಿದೆ.

ಚಿತ್ರದಲ್ಲಿ ಎಲಿಜಬೆತ್ ಎಲ್ಲವನ್ನೂ ತೊರೆಯುವ ಗಳಿಗೆಯಲ್ಲಿ ಬಲಿಪೀಠದ ಮುಂದೆ ಮಂಡಿಯೂರಿದ್ದಾಳೆ. ಮೈಮೇಲೆ ಬಟ್ಟೆಯಿಲ್ಲ. ಹಿಂದೆ ಸನ್ಯಾಸಿಗಳು ನಿಂತಿದ್ದಾರೆ. ಆಗಿನ ಕ್ಯಾಥೊಲಿಕರಿಗೆ ಇದು ತುಂಬಾ ನೋವು ತಂದಿತ್ತು. ಆಕೆ ಕಳಚಿದ್ದು ಲೋಕದ ಆಸೆಯನ್ನು, ಬಟ್ಟೆಯನ್ನಲ್ಲ ಎಂದು ಅವರು ವಾದಿಸಿದರು. ನನಗೂ ಹಾಗೇ ಅನಿಸುತ್ತದೆ. ಕಾಲ್ಡೆರಾನ್ ರಾಯಲ್ ಅಕಾಡೆಮಿಯಲ್ಲಿ ಪಳಗಿದ ಕೈ. ಮೈಯ ಬಣ್ಣ, ಬೆಳಕು ಎಲ್ಲ ಸೊಗಸಾಗಿದೆ. ಆದರೆ ಆಕೆ ಯಾರು ಅನ್ನೋದೇ ಅಲ್ಲಿ ಕಾಣುವುದಿಲ್ಲ.

ಆಕೆ ರಾಜನ ಮಗಳು. ಹುಟ್ಟಿದ್ದು 1207ರಲ್ಲಿ. ಮದುವೆಯಾಗಿದ್ದು ಜರ್ಮನಿಯ ತುರಿಂಗಿಯಾದ ದೊರೆ ಲುಡ್ವಿಗ್‌ನನ್ನು. 1226ರಲ್ಲಿ ಬರ ಬಿತ್ತು. ಗಂಡ ಆಗ ಇಟಲಿಗೆ ಹೋಗಿದ್ದ. ಆಕೆ ಕಣಜದ ಬಾಗಿಲು ತೆಗೆಸಿ ಹಸಿದವರಿಗೆ ಕಾಳು ಹಂಚಿಸಿದಳು. ವಾರ್ಟ್‌ಬರ್ಗ್ ಕೋಟೆಯ ಕೆಳಗೆ ರೋಗಿಗಳಿಗೊಂದು ಆಸ್ಪತ್ರೆ ಮಾಡಿಸಿದಳು. ಹೊಸ ಬೆಳೆ ಬಂದ ಮೇಲೆ ಮಾಡಿದ ಕೆಲಸ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ. ದುಡಿಯುವ ಶಕ್ತಿ ಇದ್ದವರಿಗೆ ಅಂಗಿ ಕೊಟ್ಟಳು, ಕೊಯ್ದ ಹೊಲದ ಕೂಳೆ ಚುಚ್ಚದಿರಲಿ ಎಂದು ಚಪ್ಪಲಿ ಕೊಟ್ಟಳು, ಕೈಗೆ ಕುಡುಗೋಲು ಕೊಟ್ಟಳು. ಆಕೆಯ ಜೊತೆಯಿದ್ದ ಹೆಂಗಸರೇ ಮುಂದೆ ಹೇಳಿದ ಮಾತಿದು. ಕೂಳೆ ಚುಚ್ಚುತ್ತದೆ ಅನ್ನೋದು ಅರಮನೆಯ ಹುಡುಗಿಗೆ ಹೊಳೆಯಬೇಕಾದರೆ ಆಕೆ ಬಡವರ ಕಾಲನ್ನು ಎಷ್ಟು ಹತ್ತಿರದಿಂದ ನೋಡಿರಬೇಕು, ಅಲ್ವಾ?

1227ರಲ್ಲಿ ಗಂಡ ತೀರಿಕೊಂಡ. ಮರುವರ್ಷ ಶುಭ ಶುಕ್ರವಾರದಂದು ಆಕೆ ಬಲಿಪೀಠದ ಮೇಲೆ ಕೈಯಿಟ್ಟು ಎಲ್ಲವನ್ನೂ ತೊರೆಯಲು ಹೊರಟಳು. ಕಾಲ್ಡೆರಾನ್ ಹಿಡಿದದ್ದು ಇದೇ ಗಳಿಗೆಯನ್ನು. ಆದರೆ ಆಕೆಯ ಧರ್ಮಗುರು ಕೊನ್ರಾಡ್ ಆಸ್ತಿಯನ್ನು ಬಿಡಲು ಒಪ್ಪಲಿಲ್ಲ. ಕೊನ್ರಾಡ್ ತುಂಬಾ ಕಠಿಣ ಮನುಷ್ಯ, ಆಕೆಯನ್ನು ಹೊಡೆಸಿದ್ದೂ ಉಂಟು. ಆದರೂ ಆಸ್ತಿ ಉಳಿದದ್ದು ಒಳ್ಳೆಯದೇ ಆಯಿತು. ಆ ಹಣದಿಂದ ಮಾರ್ಬರ್ಗ್‌ನಲ್ಲಿ ಆಸ್ಪತ್ರೆ ಎದ್ದಿತು. ಅಲ್ಲಿ ಆಕೆ ತಾನೇ ರೋಗಿಗಳ ಮೈ ತೊಳೆದಳು. 1231ರಲ್ಲಿ ಸತ್ತಾಗ ಬರೀ 24 ವರ್ಷ.

ಕಾಲ್ಡೆರಾನ್‌ಗೂ ಮುಂಚೆ, 1850ರ ದಶಕದಲ್ಲಿ, ಚಿತ್ರಕಾರ ಮೊರಿಟ್ಸ್ ಫಾನ್ ಶ್ವಿಂಡ್ ವಾರ್ಟ್‌ಬರ್ಗ್‌ನ ಗೋಡೆಗಳ ಮೇಲೆ ಆಕೆಯ ಕಥೆಯನ್ನು ಚಿತ್ರಿಸಿದ. ಆಕೆ ಬಡವರಿಗೆ ಒಯ್ಯುತ್ತಿದ್ದ ರೊಟ್ಟಿ ಗುಲಾಬಿಯಾಯಿತೆಂಬ ಪವಾಡವೂ ಅಲ್ಲಿದೆ. ಅದರ ಜೊತೆಗೆ ದುಂಡು ಚೌಕಟ್ಟುಗಳಲ್ಲಿ ಏಳು ದಯೆಯ ಕೆಲಸಗಳಿವೆ: ಹಸಿದವರಿಗೆ ಊಟ, ಬಾಯಾರಿದವರಿಗೆ ನೀರು, ರೋಗಿಗೆ ಆರೈಕೆ, ಸತ್ತವರಿಗೆ ಮಣ್ಣು, ಹೀಗೆ. ಚಿತ್ರಕಲೆಯ ದೃಷ್ಟಿಯಿಂದ ಕಾಲ್ಡೆರಾನ್ ಹೆಚ್ಚು ನುರಿತವನೆಂದು ಯಾರಾದರೂ ಹೇಳಿದರೆ ನಾನು ಜಗಳಕ್ಕೆ ಹೋಗುವುದಿಲ್ಲ. ಆದರೆ ಎಲಿಜಬೆತ್ ಯಾರೆಂದು ಮಕ್ಕಳು ಕೇಳಿದರೆ ನಾನು ತೋರಿಸುವುದು ಶ್ವಿಂಡ್‌ನ ಆ ಏಳು ಚಿತ್ರಗಳನ್ನೇ. ಕುಡುಗೋಲಿನ ಕಥೆ ಬಾಯಲ್ಲೇ ಹೇಳುತ್ತೇನೆ.