ಹೇರ್‌ಪಿನ್ ಸಿಕ್ಕಿಸಿದ ಪುಟ

ಇವರು ಓದುವುದು ಯುದ್ಧದ ಚರಿತ್ರೆ, ನಾನು ಕಾದಂಬರಿ. ಇವರಿಗೆ ಕುರ್ಚಿ, ದೀಪ, ನಿಶ್ಶಬ್ದ ಎಲ್ಲವೂ ಬೇಕು. ಕೈಯಲ್ಲೊಂದು ಪೆನ್ಸಿಲ್ ಬೇರೆ. ನನ್ನದು ನಿಂತಲ್ಲೇ ಎರಡು ಪುಟ. ಯಾರಾದರೂ ಕರೆದರೆ ಹೇರ್‌ಪಿನ್ ಸಿಕ್ಕಿಸಿಟ್ಟು ಹೋಗುವುದು. ಹಾಗಿದ್ದೂ ಮೊದಲು ಮುಗಿಯುವುದು ನನ್ನದೇ. (ಇದನ್ನು ಇವರು ಒಪ್ಪುವುದಿಲ್ಲ.)

ಕಾದಂಬರಿ ಓದುವವರಲ್ಲಿ ಹೆಂಗಸರೇ ಹೆಚ್ಚು ಎಂದು ಹಲವು ದೇಶಗಳ ಸಮೀಕ್ಷೆಗಳು ಹೇಳುತ್ತವೆ. ಆದರೂ 1997ರಲ್ಲಿ ಮೊದಲ ಹ್ಯಾರಿ ಪಾಟರ್ ಅಚ್ಚಾಗುವಾಗ, ಹೆಂಗಸು ಬರೆದದ್ದೆಂದರೆ ಹುಡುಗರು ಮುಟ್ಟಲಿಕ್ಕಿಲ್ಲವೆಂದು ಪ್ರಕಾಶಕರು ಲೇಖಕಿಯ ಹೆಸರಿಗೆ ಬರೀ ಇನಿಷಿಯಲ್ ಹಾಕಿಸಿದರು. ಗಂಡಸು ಬರೆದದ್ದನ್ನು ಹುಡುಗಿಯರು ಓದುವರೋ ಇಲ್ಲವೋ ಎಂಬ ಚಿಂತೆ ಮಾತ್ರ ಯಾರಿಗೂ ಹತ್ತಿದಂತಿಲ್ಲ!

ನಿನ್ನೆ ರಾತ್ರಿ ನನ್ನ ಕಾದಂಬರಿ ತೆರೆದರೆ, ಹೇರ್‌ಪಿನ್ ಇದ್ದ ಪುಟದಿಂದ ಮೂವತ್ತು ಪುಟ ಮುಂದೆ ಒಂದು ಪೆನ್ಸಿಲ್ ಗೀಟು. ಇನ್ನೂ ಕೇಳಿಲ್ಲ.